ಸುಳಿ ನೋಡಿ ತಂದ ದೋಣಿ

ನಮ್ಮ ಪಡಸಾಲೆಯ ಗೂಟಕ್ಕೆ ಒಂದು ಕಿತ್ತಳೆ ಬಣ್ಣದ ಜಾಕೀಟು ತೂಗುಬಿದ್ದಿದೆ. ನೀರಿಗೆ ಬಿದ್ದವರು ಮುಳುಗಬಾರದೆಂದು ತೊಟ್ಟುಕೊಳ್ಳುವ ಜಾಕೀಟು. ನಾನಿರುವುದು ಸಿಂದಗಿಯಲ್ಲಿ. ನಮ್ಮ ಓಣಿಗೆ ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಲ್ಲಿ ಒಬ್ಬ ಮನುಷ್ಯ ಮುಳುಗುವಷ್ಟು ನೀರು ಕೂಡಿಸಬೇಕೆಂದರೆ ಇಡೀ ಓಣಿಯವರು ಜಳಕ ಬಿಟ್ಟು ಕೂಡಬೇಕಾಗುತ್ತದೆ. ಹಾಗಾಗಿ ಮನೆಗೆ ಬಂದವರೆಲ್ಲ ಚಹದ ಕಪ್ಪು ಕೈಗೆ ಬರುವ ಮೊದಲೇ ಅದರತ್ತ ನೋಡಿ, "ಇದ್ಯಾಕ್ರೀ ಇಲ್ಲಿ?" ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ, "ನಮ್ಮ ಮನ್ಯಾವ್ರು ಸಾಲ್ಯಾಗ ಸಮುದ್ರಾ ಕಲಸ್ತಾರಲ್ರಿ, ಅದಕ್ಕ" ಎಂದು ಮುಗಿಸಿಬಿಡುತ್ತಾಳೆ. ನಾನು ಹೈಸ್ಕೂಲಿನಲ್ಲಿ ಭೂಗೋಳದ ಮಾಸ್ತರ. ಚಳಿ ಬಿದ್ದಾಗ ಅವಳು ಆ ಜಾಕೀಟನ್ನು ಹೆಪ್ಪು ಹಾಕಿದ ಮೊಸರಿನ ಗಡಿಗೆಗೆ ತೊಡಿಸಿ ಗುಂಡಿ ಹಾಕುತ್ತಾಳೆ. ಮೊಸರು ಕಲ್ಲಿನಂತೆ ಹೆಪ್ಪಾಗುತ್ತದೆ. ಅದನ್ನು ತಯಾರಿಸಿದವರಿಗೆ ಈ ಉಪಯೋಗ ಗೊತ್ತಿರಲಿಕ್ಕಿಲ್ಲ.

ಜಾಕೀಟಿನ ಕತೆ ಹೇಳಬೇಕಾದರೆ ದೋಣಿಯ ಕತೆ ಹೇಳಬೇಕು. ದೋಣಿಯ ಕತೆಗೆ ಮುಂಚೆ ನನ್ನದೊಂದು ಮಾತು. ಎರಡರಲ್ಲಿ ಒಂದನ್ನು ಆರಿಸುವ ಕೆಲಸ ನನ್ನ ಹಣೆಯಲ್ಲಿ ಬರೆದಿಲ್ಲ. ಖಾನಾವಳಿಯಲ್ಲಿ "ರೊಟ್ಟಿನೋ, ಚಪಾತಿನೋ?" ಎಂದು ಕೇಳಿದರೆ ನಾನು ಪಕ್ಕದವನ ತಾಟು ನೋಡುತ್ತೇನೆ. ಅಂಗಿ ಕೊಳ್ಳಲು ಹೋದರೆ ಎರಡು ಬಣ್ಣದ ಅರಿವೆಗಳನ್ನು ಬಿಸಿಲಿಗೆ ಹಿಡಿದು, ನೆರಳಿಗೆ ಹಿಡಿದು, ಅಂಗಡಿಯವನ ಮುಖ ಬಾಡುವವರೆಗೂ ನಿಂತು, ಕೊನೆಗೆ ಒಂದು ಕರವಸ್ತ್ರ ಕೊಂಡು ಬರುತ್ತೇನೆ. ಯಂಕಂಚಿಗೆ ಹೆಣ್ಣು ನೋಡಲು ಹೋದಾಗ ಅವರ ಮನೆಯಲ್ಲಿ ಇದ್ದದ್ದು ಒಬ್ಬಳೇ ಹೆಣ್ಣುಮಗಳು, ಅದರಿಂದ ನನ್ನ ಮದುವೆ ಆಯಿತು. ಹೆಂಡತಿ ಇದನ್ನು ಒಪ್ಪುವುದಿಲ್ಲ. ಆ ದಿನ ಆರಿಸಿದವಳು ತಾನು ಎನ್ನುತ್ತಾಳೆ. ಇರಬಹುದು.

ನನ್ನ ತಾಯಿಯ ಅಣ್ಣ ಮಲ್ಲಪ್ಪಮಾಮಾ ಇದಕ್ಕೆ ಪೂರಾ ವಿರುದ್ಧ. ಇಂಡಿ ತಾಲೂಕಿನ ಭೀಮಾ ದಂಡೆಯ ಹಳ್ಳಿ ಅವನದು. ಸುತ್ತಲಿನ ಯಾವ ಊರಿನಲ್ಲಿ ಯಾರೇ ಎತ್ತು ಕೊಳ್ಳಲಿ, ಮೊದಲು ಅವನ ಮನೆಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಶಾಲೆಯ ಸೂಟಿಗೆ ಅಲ್ಲಿಗೆ ಹೋದಾಗ ನಾನು ಅವನ ಬೆನ್ನು ಹತ್ತಿ ದನದ ಸಂತೆಗೆ ಹೋಗುತ್ತಿದ್ದೆ. ಅಲ್ಲಿ ಸೆಗಣಿ, ಬೆಲ್ಲ, ಬೀಡಿಯ ವಾಸನೆ ಒಂದರೊಳಗೊಂದು ಕಲೆತಿರುತ್ತಿದ್ದವು. ಮಾಮಾ ಎತ್ತಿನ ಮುಂದೆ ನಿಂತು ಮೊದಲು ಅದನ್ನು ನೋಡುತ್ತಲೇ ಇರಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಬೇರೆ ಕಡೆ ನೋಡುತ್ತಿದ್ದ. ಆಮೇಲೆ ಒಮ್ಮೆಲೆ ಬೆನ್ನ ಮೇಲೆ ಚಪ್ಪರಿಸಿ, ಚರ್ಮ ಹೇಗೆ ಅದುರಿತು ಎಂದು ನೋಡುತ್ತಿದ್ದ. ತುಟಿ ಎತ್ತಿ ಹಲ್ಲು ನೋಡುತ್ತಿದ್ದ. ಗೊರಸು ಒತ್ತುತ್ತಿದ್ದ. ಎಲ್ಲ ಆದ ಮೇಲೆ ಸುಳಿ. ಎತ್ತಿನ ಮೈಯ ಕೂದಲು ಅಲ್ಲಲ್ಲಿ ದುಂಡಗೆ ಸುತ್ತಿಕೊಂಡಿರುತ್ತದಲ್ಲ, ಅದು. ಒಂದು ಸುಳಿ ಮನೆಗೆ ಧಾನ್ಯ ತರುತ್ತದೆ, ಇನ್ನೊಂದು ಒಡೆಯನಿಗೆ ಆಗುವುದಿಲ್ಲ, ಮತ್ತೊಂದು ಮನೆಯ ಹೆಣ್ಣುಮಗಳಿಗೆ ಆಗುವುದಿಲ್ಲ. ಕೆಟ್ಟ ಸುಳಿ ಕಂಡರೆ ಎತ್ತು ಕಿಲಾರಿ ತಳಿಯದೇ ಇರಲಿ, ದಂತದ ಗೊಂಬೆಯಂತೆಯೇ ಇರಲಿ, ಮಾಮಾ ಕೈ ಝಾಡಿಸಿ ಮುಂದೆ ನಡೆಯುತ್ತಿದ್ದ. ಒಂದು ಸಲ ಮಾತ್ರ ಅಂಥ ಸುಳಿಯ ಎತ್ತನ್ನು ಅವನು ಒಪ್ಪಿದ್ದು ನನಗೆ ನೆನಪಿದೆ. ಯಾಕೆ ಎಂದು ಕೇಳಿದ್ದಕ್ಕೆ, "ಸುಳಿ ಮ್ಯಾಲ ಬರಿ ಎಳದಾರೋ, ಬೆಂಕಿ ತಾಗಿದ ಮ್ಯಾಲ ಅದರ ದೋಷ ಸುಟ್ಟು ಹೋತು" ಎಂದಿದ್ದ.

ಈಗ ಊರಲ್ಲಿ ಟ್ರ್ಯಾಕ್ಟರುಗಳಾಗಿವೆ. ಟ್ರ್ಯಾಕ್ಟರಿಗೆ ಸುಳಿ ಇರುವುದಿಲ್ಲ. ಮಾಮಾನ ಕಟ್ಟೆಗೆ ಯಾರೂ ಬರುವುದಿಲ್ಲ. ತನ್ನ ಕೊನೆಯ ಜೋಡಿಯನ್ನೂ ಅವನು ಕೊಟ್ಟುಬಿಟ್ಟ. ನಾನು ಹೋದಾಗ ಖಾಲಿ ಗೋದಲಿಯ ಮುಂದೆ ಕುಳಿತು, "ಸಿಂದಗ್ಯಾಗ ಏನ್ ವಿಶೇಷ?" ಎನ್ನುತ್ತಾನೆ. ಉತ್ತರ ಕೇಳಿಸಿಕೊಳ್ಳುವುದಿಲ್ಲ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಇನ್ನು ಅತ್ತೆ. ಮಾಮಾನ ಹೆಂಡತಿ ನೀಲವ್ವತ್ತೆಯ ತವರು ನದಿಯ ಆಚೆ ದಂಡೆ, ಅಂದರೆ ಮಹಾರಾಷ್ಟ್ರ. ಸಾದಾ ಮಾತಿಗೆ ಅವಳಿಗೆ ಕನ್ನಡ ಸಾಕು, ಸಿಟ್ಟು ಬಂದರೆ ಮರಾಠಿ ಬೇಕು. ಮದುವೆಯಲ್ಲಿ ಅವಳ ಅಪ್ಪ ಅರಿಷಿಣ ಕುಂಕುಮಕ್ಕೆಂದು ಆಚೆ ದಂಡೆಯಲ್ಲಿ ಒಂದು ತುಂಡು ಹೊಲ ಬರೆದುಕೊಟ್ಟಿದ್ದ. ಆಗ ಭೀಮೆಯೆಂದರೆ ಬೇಸಿಗೆಯಲ್ಲಿ ಬರೀ ಉಸುಕು. ಉಸುಕಿನಲ್ಲಿ ಸವತಿಕಾಯಿ, ಕಲ್ಲಂಗಡಿ ಬೆಳೆಯುತ್ತಿದ್ದರು. ನಾವು ಹುಡುಗರು ಕಲ್ಲಂಗಡಿಯನ್ನು ಮೊಣಕಾಲಿಗೆ ಬಡಿದು ಒಡೆದು, ಮುಖವನ್ನು ಅದರೊಳಗೇ ಇಟ್ಟು ತಿನ್ನುತ್ತ ನದಿ ದಾಟುತ್ತಿದ್ದೆವು. ಹೊಳೆಯಲ್ಲಿ ನೀರಿದ್ದಾಗ ಎಮ್ಮೆಗಳನ್ನು ಹೊಡೆದು ಅವುಗಳ ಬಾಲ ಹಿಡಿದು ದಾಟುವುದು. ಮಾಮಾ ಹಾಗೆ ದಾಟಿದ್ದನ್ನು ನಾನೇ ನೋಡಿದ್ದೇನೆ. ರುಮಾಲು ತೋಯದಂತೆ ತಲೆ ಎತ್ತಿಕೊಂಡು ದೊಡ್ಡ ಸಾಹುಕಾರನ ಹಾಗೆ ತೇಲಿ ಹೋಗುತ್ತಿದ್ದ. ನಾನೂ ಒಮ್ಮೆ ಬಾಲ ಹಿಡಿದೆ. ಎಮ್ಮೆ ಏನೋ ನೆನಪಾದವರಂತೆ ನಡುನೀರಿನಿಂದ ಹಿಂದಿರುಗಿತು. ಅಂದಿನಿಂದ ಭೂಗೋಳದ ಎಲ್ಲ ಸಾಗರಗಳೊಂದಿಗೂ ನನ್ನ ಸಂಬಂಧ ನಕಾಶೆಯ ಮೇಲಷ್ಟೇ.

ಮುಂದೆ ಕೆಳಗಡೆ ಬಾಂದಾರ ಕಟ್ಟಿದರು. ನೀರು ನಿಂತಿತು. ಉಸುಕು ಮುಳುಗಿತು. ಎತ್ತು ದಾಟದ ಮೇಲೆ ಆಚೆ ಹೊಲ ಬಿತ್ತುವುದೆಲ್ಲಿ? ಎರಡು ವರ್ಷ ಕಂಟಿ ಬೆಳೆದ ಹೊಲವನ್ನು ನೋಡಿ ನೋಡಿ ಅತ್ತೆ ಒಂದು ದಿನ ಅಂಬಿಗರ ಮುದುಕನ ತೆಪ್ಪದಲ್ಲಿ ಆಚೆಗೆ ಹೋಗಿ ನಿಂಬೆಸಸಿ ಹಚ್ಚಿಸಿ ಬಂದಳು. ನಿಂಬೆಗೆ ಎತ್ತು ಬೇಕಾಗುವುದಿಲ್ಲ. ಸಸಿ ಗಿಡವಾಯಿತು, ಗಿಡ ಬನವಾಯಿತು. ಇಂಡಿಯ ಪೇಟೆಯಲ್ಲಿ ನೀಲವ್ವನ ನಿಂಬೆ ಎಂದರೆ ದಲಾಲರು ಚೀಲ ಬಿಚ್ಚದೆಯೇ ಬೆಲೆ ಕಟ್ಟುವಂತಾಯಿತು.

ಈ ಬನವನ್ನು ಇಡೀ ಪೇಟೆ ಬಲ್ಲದು, ಮಾಮಾ ಮಾತ್ರ ಒಮ್ಮೆಯೂ ನೋಡಿರಲಿಲ್ಲ. "ಅದು ಆಕಿ ತವರಮನಿ ಹೊಲ. ಅಳಿಯಾ ಆದಾವ ಕರೀಲಾರದ ಹೋಗಿ ಅಲ್ಲಿ ಏನ್ ಮಾಡಲಿ?" ಎನ್ನುತ್ತಿದ್ದ. ದೂರದ ಸೇತುವೆ ಸುತ್ತಿಯಾದರೂ ಹೋಗಬಹುದಿತ್ತು. ಆದರೆ ಆ ದಾರಿ ಅವನ ಮಾವನ ಮನೆಯ ಬಾಗಿಲ ಮುಂದೆಯೇ ಹಾಯುತ್ತದೆ, ಅದಂತೂ ಇನ್ನೂ ದೊಡ್ಡ ಅಪಮಾನ. ನಾವೆಲ್ಲ ಇದನ್ನು ಅಳಿಯತನದ ಬಿಂಕ ಎಂದೇ ತಿಳಿದು ನಗುತ್ತಿದ್ದೆವು. ಅತ್ತೆ ನಗುತ್ತಿರಲಿಲ್ಲ.

ಹೋದ ವರ್ಷ ಅಂಬಿಗರ ಮುದುಕ ಕಣ್ಣು ಕಾಣುವುದಿಲ್ಲವೆಂದು ತೆಪ್ಪವನ್ನು ಮಗುಚಿ ಹಾಕಿ, ಮೋರಟಗಿಯ ಮಗಳ ಮನೆಗೆ ಹೊರಟುಹೋದ. ಆಚೆ ದಂಡೆಯಲ್ಲಿ ನಿಂಬೆ ಹಣ್ಣಾಗಿ ಉದುರತೊಡಗಿತು. ಉದುರಿದ ನಿಂಬೆ ಕಾಯುವುದಿಲ್ಲ. ಸೇತುವೆ ಸುತ್ತಿ ತಂದರೆ ಹಣ್ಣಿನ ಬೆಲೆ ಗಾಡಿಯ ಬಾಡಿಗೆಗೇ ಮುಗಿಯುತ್ತದೆ. ಅತ್ತೆಯ ಅಣ್ಣನ ಮಗ ಆಚೆಯಿಂದ ಫೋನು ಮಾಡಿ, ಬನವನ್ನು ತನಗೇ ಕೊಟ್ಟುಬಿಡಿ ಎಂದ. ಮಾಮಾನಿಗೂ ಅದೇ ಸರಿ ಕಂಡಿತು. "ಕಣ್ಣೆದುರಿಗೆ ಇಲ್ಲದ ಬನಾ ಇದ್ದರೇನು, ಬಿಟ್ಟರೇನು! ಕಾರಹುಣ್ಣಿವಿಗೆ ಮಾತು ಕೊಟ್ಟುಬಿಡತೇನಿ" ಎಂದ. ಅವನು ಮಾತು ಕೊಟ್ಟರೆ ತಿರುಗಿ ತೆಗೆದುಕೊಳ್ಳುವ ಪೈಕಿ ಅಲ್ಲ. ಹೀಗೆ ಅತ್ತೆಯ ಬನ ಎತ್ತಿನ ಹಬ್ಬವಾದ ಕಾರಹುಣ್ಣಿಮೆಯ ದಾರಕ್ಕೆ ತೂಗುಬಿತ್ತು.

ಆ ವಾರವೇ ಅತ್ತೆಯ ಫೋನು ಬಂತು.

"ತಮ್ಮಾ, ಬಾಗೇವಾಡಿ ಆಚಿ, ಹಿನ್ನೀರಿನ ದಂಡ್ಯಾಗ ಯಾರೋ ಮುದ್ದೇಬಿಹಾಳದಾವ್ರು ಎಂಜಿನ್ ದೋಣಿ ಮಾರಾಕತ್ತಾರಂತ. ಎರಡು ಅದಾವಂತ. ಜರ್ಮನ್ನಿನೂವು."

ನಮ್ಮ ಕಡೆ ಜರ್ಮನ್ ಎಂದರೆ ಅಲ್ಯೂಮಿನಿಯಂ. ಜರ್ಮನ್ ಬೋಗೋಣಿ, ಜರ್ಮನ್ ಪರಾತ, ಈಗ ಜರ್ಮನ್ ದೋಣಿ.

"ಒಂದು ತರೂಣು. ಆದರ ಒಂದು ಮಾತು. ಆರಸಾಕ ನಿಮ್ಮ ಮಾಮಾನ್ನ ಕರಕೊಂಡು ಹೋಗೂದು."

"ಮಾಮಾಗ ದೋಣಿ ಬಗ್ಗೆ ಏನು ಗೊತ್ತೈತಿ ಅತ್ತಿ?"

"ಏನೂ ಗೊತ್ತಿಲ್ಲ. ಅದಕ್ಕ ನೀನೂ ಬಾ."

ನನಗೂ ಏನೂ ಗೊತ್ತಿರಲಿಲ್ಲ. ಹಾಗೆಂದು ಹೇಳುವ ಮಾಸ್ತರ ಯಾರಿದ್ದಾನೆ? ಹಾಸಿಗೆಯಲ್ಲಿ ಬಿದ್ದುಕೊಂಡು ಮೊಬೈಲಿನಲ್ಲಿ ದೋಣಿಯ ವಿಡಿಯೋಗಳನ್ನು ನೋಡತೊಡಗಿದೆ. ಕೆಂಪು ಗಡ್ಡದ ಒಬ್ಬ ಬಿಳಿ ದೊರೆ ಯಾವುದೋ ಸರೋವರದಲ್ಲಿ ನಿಂತು ವಿವರಿಸುತ್ತಿದ್ದ. ದೋಣಿಗಳಲ್ಲಿ ಎರಡು ಜಾತಿಯಂತೆ. ಒಂದಕ್ಕೆ ತಳ ಚಪ್ಪಟೆ, ಇನ್ನೊಂದಕ್ಕೆ ತಳ ಚೂಪು. ಚಪ್ಪಟೆ ತಳದ್ದು ನೀರಿನ ಮೇಲೆ ಅಲುಗದೆ ಕೂಡುತ್ತದೆ, ಓಟ ಕಡಿಮೆ. ಚೂಪು ತಳದ್ದು ಅಲೆಯನ್ನು ಸೀಳಿಕೊಂಡು ಓಡುತ್ತದೆ, ನಿಂತಾಗ ಹೊಯ್ದಾಡುತ್ತದೆ. ಒಂದು ವಿಡಿಯೋ ನೋಡಿದರೆ ಚಪ್ಪಟೆಯೇ ಸರಿ ಎನ್ನಿಸುತ್ತಿತ್ತು. ಮುಂದಿನದನ್ನು ನೋಡಿದರೆ ಚೂಪು. ಪಕ್ಕದಲ್ಲಿ ಮಲಗಿದ್ದ ಹೆಂಡತಿ, "ಹಿಂಗ ನೋಡಕೋತ ಇದ್ರ ಭೀಮಾ ಬತ್ತಿ ಹೋಗತೈತಿ" ಎಂದು ಮಗ್ಗಲು ಬದಲಿಸಿದಳು.

ನಿಂಬೆ ಸಾಗಿಸುವ ಬಾಡಿಗೆ ಟೆಂಪೋದಲ್ಲಿ ಮೂವರೂ ಹೊರಟೆವು. ಅತ್ತೆ ಕಡಕ್ ರೊಟ್ಟಿ, ಶೇಂಗಾಹಿಂಡಿ, ಮೊಸರು ಕಟ್ಟಿಕೊಂಡಿದ್ದಳು. ಮಾಮಾ ಪೆಟ್ಟಿಗೆಯಿಂದ ಜರಿ ಅಂಚಿನ ರುಮಾಲು ತೆಗೆದು ಸುತ್ತಿದ್ದ. ಎತ್ತು ಕೊಳ್ಳಲು ಹೋಗುವಾಗ ಸುತ್ತುತ್ತಿದ್ದ ರುಮಾಲು ಅದು. ಬಾಗೇವಾಡಿ ದಾಟುವವರೆಗೂ ಸಾಲು ಹೊಲಗಳ ಎತ್ತುಗಳನ್ನು ನೋಡುತ್ತ, "ಎಡಗಿನದು ಸೊರಗೇತಿ ನೋಡು" ಎಂದು ಹುರುಪಿನಿಂದ ಮಾತಾಡುತ್ತಿದ್ದ. ಇಷ್ಟು ಮಾತಾಡುವ ಮಾಮಾನನ್ನು ಕಂಡು ಬಹಳ ದಿನಗಳಾಗಿದ್ದವು.

ಹಿನ್ನೀರಿನ ದಂಡೆಯ ಮೇಲೆ ಎರಡೂ ದೋಣಿಗಳನ್ನು ಅಕ್ಕಪಕ್ಕ ಎಳೆದು ನಿಲ್ಲಿಸಿದ್ದರು. ಮೀನಿನ ಗುತ್ತಿಗೆ ಮುಗಿಸಿ ಊರಿಗೆ ಹೋಗುತ್ತಿದ್ದ ಸಾಹುಕಾರ ಸಂಭಾವಿತ ಮನುಷ್ಯ. "ಬರ್ರಿ, ನೋಡ್ರಿ, ನೀರಿಗೆ ಇಳಿಸಿ ತೋರಿಸ್ತೇನಿ" ಎಂದ. ಒಂದು ದೋಣಿ ಅಗಲವಾಗಿ, ಮಂಕಾಗಿ, ಮೈತುಂಬ ತಗ್ಗು ಬಿದ್ದು, ಹೊಟ್ಟೆಯನ್ನು ಕೆಸರಿಗೆ ಹಚ್ಚಿ ಕುಳಿತಿತ್ತು. ಇನ್ನೊಂದು ನೀಲಿ ಬಣ್ಣ ಬಳಿದುಕೊಂಡು, ಚೂಪು ಮೂತಿಯನ್ನು ಆಕಾಶಕ್ಕೆ ಎತ್ತಿತ್ತು. ಎರಡಕ್ಕೂ ಹಿಂಭಾಗದಲ್ಲಿ ನೇತುಹಾಕಿದ ಒಂದೊಂದು ಎಂಜಿನ್, ಅದಕ್ಕೆ ಮುಂದಕ್ಕೆ ಚಾಚಿದ ಹಿಡಿಕೆ.

ಮಾಮಾ ಎರಡಕ್ಕೂ ಬೆನ್ನು ಮಾಡಿ ನಿಂತು ಎಲೆ ಅಡಿಕೆ ಹಾಕಿಕೊಂಡ. ಸಾಹುಕಾರ ನನ್ನ ಮುಖ ನೋಡಿದ. ನಾನು ನೀರು ನೋಡಿದೆ. ಅರೆಗಳಿಗೆಯ ನಂತರ ಮಾಮಾ ತಟ್ಟನೆ ತಿರುಗಿ ಚಪ್ಪಟೆ ದೋಣಿಯ ಮಗ್ಗುಲಿಗೆ ರಪ್ಪನೆ ಚಪ್ಪರಿಸಿದ. ಅದು ಢಣ್ ಎಂದಿತು, ಅದುರಲಿಲ್ಲ. "ಮೈಗಳ್ಳ" ಎಂದ. ನೀಲಿಯದಕ್ಕೆ ಚಪ್ಪರಿಸಿದ. ಅದು ಸ್ವಲ್ಪ ವಾಲಿ ಮತ್ತೆ ನೆಟ್ಟಗಾಯಿತು. "ಇದಕ್ಕ ಜೀವಾ ಐತಿ" ಎಂದ. ಅಂಚಿನ ಮೇಲೆ ಸಾಲಾಗಿ ಬಡಿದಿದ್ದ ಮೊಳೆಗಳ ಮೇಲೆ ಬೆರಳಾಡಿಸಿ ವಯಸ್ಸು ಅಂದಾಜು ಮಾಡಿದ. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದ. ಆಮೇಲೆ ಸಾಹುಕಾರನಿಗೆ ಗಂಭೀರವಾಗಿ, "ಇದನ್ನ ಎಡಕ್ಕ ಹೂಡತಿದ್ರೋ, ಬಲಕ್ಕೋ?" ಎಂದು ಕೇಳಿದ.

"ನೀರಾಗ ಬಿಡತಿದ್ವಿರಿ" ಎಂದ ಸಾಹುಕಾರ.

"ಕೊಂಬಿಲೆ ಹಾಯೂ ಗುಣಾ ಏನರ?"

"ಒಮ್ಮಿ ದಂಡಿಗೆ ಹಾದೈತ್ರಿ. ನೀಲೀದು."

"ಹಾಯಲಿ. ಹುರುಪಿನ ದನಾ ಹಾಯೂದ" ಎಂದು ಮಾಮಾ ಮೆಚ್ಚಿಕೊಂಡ. ಚಪ್ಪಟೆಯದನ್ನು ಇನ್ನೊಮ್ಮೆ ಸುತ್ತಿ ಬರುವಾಗ ಅವನ ಕಾಲು ನಿಂತಿತು. ಬಲಮಗ್ಗುಲಲ್ಲಿ, ಮುಂಭಾಗಕ್ಕೆ, ಯಾವಾಗಲೋ ತೂತು ಬಿದ್ದಲ್ಲಿ ಬೆಸುಗೆ ಹಾಕಿದ ತೇಪೆಯೊಂದು ದುಂಡಗೆ ಸುತ್ತಿಕೊಂಡಿತ್ತು. ಮಾಮಾ ಅದರ ಮೇಲೆ ಹೆಬ್ಬೆರಳಿಟ್ಟ. ಮುಖ ಸಣ್ಣದಾಯಿತು.

"ಸುಳಿ."

"ಮಾಮಾ, ಅದು ತೇಪಿ..."

"ಇಲ್ಲಿ ಸುಳಿ ಇದ್ದ ದನಾ ಮನಿ ಹೆಣಮಗಳಿಗೆ ಆಗಂಗಿಲ್ಲ. ಇದು ಬ್ಯಾಡ. ನೀಲೀದು ಹೊಡಕೊಂಡು ನಡೀರಿ."

ಅತ್ತೆ ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. ಪಾತ್ರೆ ಅಂಗಡಿಯಲ್ಲಿ ಮಾಡುವಂತೆ ಬೆರಳಿನ ಗೆಣ್ಣಿನಿಂದ ಎರಡನ್ನೂ ಕುಟ್ಟಿ ನೋಡಿದಳು. "ನನಗ ಈ ಪರಾತ ಬೇಕು" ಎಂದು ಚಪ್ಪಟೆಯದನ್ನು ತೋರಿಸಿದಳು.

"ಸುಳಿ ಐತಿ ಅಂತ ಹೇಳಾಕತ್ತೇನಿ!"

"ಇರಲಿ. ಇಷ್ಟು ವರ್ಷ ನಿಮ್ಮ ಸಂಗಾಟ ಬಾಳೇವು ಮಾಡೇನಿ, ಒಂದು ಸುಳಿ ಏನ್ ಮಾಡೀತು?"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ನೀ ಹೇಳು" ಎಂದ ಮಾಮಾ. "ಹೇಳೋ ತಮ್ಮಾ" ಎಂದಳು ಅತ್ತೆ. ಸಣ್ಣವನಿದ್ದಾಗ ಸಂತೆಯಲ್ಲಿ ಹೆಗಲ ಮೇಲೆ ಕೂರಿಸಿಕೊಂಡವನು ಒಂದು ಕಡೆ, ಮೊಸರನ್ನದ ತುತ್ತಿಟ್ಟವಳು ಇನ್ನೊಂದು ಕಡೆ. ರೊಟ್ಟಿನೋ ಚಪಾತಿನೋ ಎಂದರೆ ಬೆವರುವ ಮನುಷ್ಯ ನಾನು. ಕೆಂಪು ಗಡ್ಡದ ದೊರೆ ಹೇಳಿದ್ದನ್ನೆಲ್ಲ ನೆನಪು ಮಾಡಿಕೊಂಡು ಅಲೆ, ಗಾಳಿ, ಭಾರ ಎಂದು ಸಾಕಷ್ಟು ಉದ್ದ ಮಾತಾಡಿದೆ. ಮಾತಿನ ಕೊನೆಯಲ್ಲಿ ಎರಡೂ ಒಳ್ಳೆಯವೇ ಎಂಬಲ್ಲಿಗೆ ಬಂದು ನಿಂತೆ. ಸಾಹುಕಾರ ಪಾಪ, ಎರಡನ್ನೂ ನೀರಿಗೆ ಇಳಿಸಿ ತೋರಿಸುತ್ತೇನೆಂದು ನನ್ನನ್ನು ಪಾರುಮಾಡಿದ.

ಮೊದಲು ಅವನೊಬ್ಬನೇ ಎರಡನ್ನೂ ಓಡಿಸಿ ತೋರಿಸಿದ. ನೀಲಿಯದು ಮೂತಿ ಎತ್ತಿ ಹಾರಿತು. ಮಾಮಾನ ಕಣ್ಣು ಅರಳಿತು. ಚಪ್ಪಟೆಯದು ಹಾಯಾಗಿ ಹೋಗಿ ಹಾಯಾಗಿ ಬಂತು. ಆಮೇಲೆ ಸಾಹುಕಾರ, "ಈಗ ನೀವು ಕುಂದರ್ರಿ" ಎಂದ. ಮಾಮಾ, ಎಂಜಿನ್ ದಣಿದಿದೆ, ಆರಲಿ ಎಂದ. ಆರಿತು. ಬಿಸಿಲು ಜಾಸ್ತಿ ಎಂದ. ಮೋಡ ಬಂತು. ಇನ್ನೊಂದು ಸಲ ನಡೆಸಿ ತೋರಿಸಿರಿ, ಹಿಂಗಾಲು ಸರಿಯಾಗಿ ನೋಡಲಿಲ್ಲ ಎಂದ. ಅತ್ತೆ ಅಷ್ಟರಲ್ಲಿ ಸೀರೆ ಎತ್ತಿ ಹಿಡಿದು ಚಪ್ಪಟೆ ದೋಣಿ ಹತ್ತಿ, ಅದರ ನಟ್ಟನಡುವೆ ನಿಂತಿದ್ದಳು. ಒಂದು ಅಂಚಿಗೆ ಹೋಗಿ ನಿಂತಳು. ಇನ್ನೊಂದು ಅಂಚಿಗೆ ಹೋಗಿ ನಿಂತಳು. ದೋಣಿ ಅಲುಗಲಿಲ್ಲ. ದಂಡೆಯತ್ತ ಕೈ ಚಾಚಿದಳು.

"ಬರ್ರಿ."

ಮಾಮಾ ನೀರಿನ ಅಂಚಿನವರೆಗೆ ಬಂದ. ಚಪ್ಪಲಿ ಬಿಟ್ಟ. ಮತ್ತೆ ಮೆಟ್ಟಿಕೊಂಡ.

"ಬಸಾ!" ಎಂದಳು ಅತ್ತೆ, ಕುಳಿತುಕೊಳ್ಳಿ ಎಂದು. ಮರಾಠಿ ಬಂದಿತ್ತು. ಆದರೆ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕಣ್ಣು ತುಂಬಿದ್ದವು. ಮಾಮಾ ನೀರಿನಿಂದ ಎರಡು ಹೆಜ್ಜೆ ಹಿಂದೆ ಸರಿದ. ಆಗಲೇ ನನಗೆ ತಿಳಿದದ್ದು. ಇಷ್ಟು ವರ್ಷ ಅವನು ಬನ ನೋಡದೆ ಇದ್ದದ್ದು ಅಳಿಯತನದ ಬಿಂಕವೊಂದರಿಂದಲೇ ಅಲ್ಲ. ದೋಣಿಯ ಅಂಜಿಕೆಯಿಂದ.

"ಎಮ್ಮಿ ಬಾಲಾ ಹಿಡದು ಹೊಳಿ ದಾಟಿದಾವ ಅಲ್ಲೇನು ಮಾಮಾ ನೀ?" ಎಂದೆ ಮೆಲ್ಲಗೆ.

"ಎಮ್ಮಿ ಮಾತು ಬ್ಯಾರೆ" ಎಂದ, ನೀರನ್ನೇ ನೋಡುತ್ತ. "ಎಮ್ಮಿಗೂ ದಂಡಿ ಮುಟ್ಟಬೇಕಂತ ಇರತೈತಿ. ಈ ತಗಡಿಗೆ ಏನೈತಿ?"

 ಅತ್ತೆ ದೋಣಿಯಿಂದಿಳಿದು ಬಂದು ನನ್ನನ್ನು ಪಕ್ಕಕ್ಕೆ ಕರೆದಳು. "ಹಣ್ಣಿನ ಚೀಲ ಯಾವ ದೋಣ್ಯಾಗರ ಬರತಾವು ತಮ್ಮಾ. ಅಲುಗಲಾರದ್ದು ಬೇಕಾಗಿದ್ದು ಇವರಿಗೆ. ಬನಾ ಒಮ್ಮಿ ಕಣ್ಣಿಲೆ ನೋಡಿದ್ರ ಮಾರೂ ಮಾತು ಆಡಂಗಿಲ್ಲ ಇವರು" ಎಂದಳು.

ಅವಳು ಅವನಿಗಾಗಿ ಚಪ್ಪಟೆಯದು ಬೇಕೆನ್ನುತ್ತಿದ್ದಳು, ಅವನು ಅವಳಿಗಾಗಿ ಬೇಡವೆನ್ನುತ್ತಿದ್ದ. ಇಬ್ಬರೂ ಅದನ್ನು ಒಬ್ಬರಿಗೊಬ್ಬರು ಹೇಳುವವರಲ್ಲ.  ಹುಟ್ಟಿದಾಗಿನಿಂದ ಮಾಡದಿದ್ದ ಕೆಲಸವನ್ನು ಆಗ ಮಾಡಿದೆ. ಎರಡರಲ್ಲಿ ಒಂದನ್ನು ಆರಿಸಿದೆ.

"ಮಾಮಾ, ಇಲ್ಲಿ ಬಾ. ಈ ತೇಪಿ ಹೆಂಗ ಹಾಕಿದ್ರು ಅಂತ ಸಾಹುಕಾರ್ರನ್ನ ಕೇಳು."

"ಹೆಂಗ್ರಿ?" ಎಂದ ಮಾಮಾ.

"ಬೆಂಕೀಲೆ ಬೆಸಗಿ ಹಾಕಿದ್ದು. ಮುದ್ದೇಬಿಹಾಳದಾಗ ಮಾಡಿಸಿದ್ದೆ."

"ಕೇಳಿದಿಲ್ಲ? ಇದು ಸುಳಿ ಅಲ್ಲ ಮಾಮಾ. ಸುಳಿ ಮ್ಯಾಲ ಎಳದ ಬರಿ. ದೋಷ ಸುಟ್ಟು ಹೋಗೇತಿ."

ಮಾಮಾ ಬಗ್ಗಿದ. ತೇಪೆಯನ್ನು ಉಜ್ಜಿದ. ಮೂಸಿ ನೋಡಿದ. ಎಲೆ ಅಡಿಕೆಯ ರಸ ಉಗುಳಿ ಬಂದು ಮತ್ತೊಮ್ಮೆ ಉಜ್ಜಿದ. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಇಷ್ಟು ವರ್ಷ ನಾನು ಓದಿದ್ದು ದಂಡವಾಗಲಿಲ್ಲ ಎಂಬಂತೆ ಗೋಣು ಹಾಕಿದ.

"ಹೌದಲೇ. ಬರಿ ಇದು. ಹೊಡೀರಿ ಇದನ್ನ."

ದೋಣಿ ಟೆಂಪೋ ಏರಿತು. ಸಾಹುಕಾರ ಅದನ್ನು ಕಟ್ಟುವ ಹಗ್ಗವನ್ನೂ ಒಳಗೆ ಹಾಕಿದ. ಮಾಮಾ ಅದನ್ನು ತೆಗೆದು ಎರಡೂ ಕೈಯಿಂದ ಅವನಿಗೆ ತಿರುಗಿ ಕೊಟ್ಟ. ದನ ಮಾರಿದವನು ಹಗ್ಗ ಕೊಡಬಾರದು, ಕೊಟ್ಟರೆ ಅವನ ಗೋದಲಿ ಬರಿದಾಗುತ್ತದೆ ಎಂಬುದು ಮಾಮಾನ ಕಟ್ಟುನಿಟ್ಟು. ದೋಣಿಗೆ ಹಗ್ಗ ಬೇಕೇ ಬೇಕೆಂದು ಸಾಹುಕಾರ ಪರಿಪರಿಯಾಗಿ ಹೇಳಿದ. ಮಾಮಾ ಕೇಳಲಿಲ್ಲ. ಬರಿಗೈಯಲ್ಲಿ ಕಳಿಸಲು ಮನಸ್ಸಾಗದೆ ಸಾಹುಕಾರ ಕಿತ್ತಳೆ ಬಣ್ಣದ ಜಾಕೀಟೊಂದನ್ನು ತಂದು ನನ್ನ ಕೊರಳಿಗೆ ಹಾಕಿದ. ಬಾಗೇವಾಡಿಯಲ್ಲಿ ಚಹ ಕುಡಿಯುವಾಗ ಅದು ನನ್ನ ಮೈಮೇಲೆಯೇ ಇತ್ತು ಎಂಬುದು, ಚಹದ ಅಂಗಡಿಯವನು "ಎಲ್ಲಿ ಹೊಳಿ ಬಂದೈತ್ರಿ?" ಎಂದು ಕೇಳಿದಾಗಲೇ ನನಗೆ ತಿಳಿದದ್ದು.

ಊರಲ್ಲಿ ದೋಣಿ ಮನೆಯ ಮುಂದೆ ಇಳಿಯಿತು. ಓಣಿಯ ಹೆಂಗಸರು ಹೊಸ ಎತ್ತು ಬಂದಾಗಿನ ಹಾಗೆಯೇ ಅದರ ಮುಂಭಾಗಕ್ಕೆ ತಂಬಿಗೆ ನೀರು ಹಾಕಿ, ಅರಿಷಿಣ ಕುಂಕುಮ ಹಚ್ಚಿ, ರೊಟ್ಟಿ ನಿವಾಳಿಸಿದರು. ಒಬ್ಬಾಕೆ ರೊಟ್ಟಿಯ ತುಣುಕನ್ನು ತಿನ್ನಿಸಲು ಬಾಯಿ ಹುಡುಕಿ, ಕಾಣದೆ ಒಳಗಿಟ್ಟಳು. ಮರುದಿನ ಮುಂಜಾನೆ ಹೊಳೆಗೆ ಇಳಿಸಿದೆವು. ಹಳೆಯ ಎತ್ತಿನ ಹಗ್ಗದಿಂದ ಅದನ್ನು ಜಾಲಿಗಿಡಕ್ಕೆ ಕಟ್ಟಿದ್ದಾಯಿತು. ಅತ್ತೆ ಹತ್ತಿದಳು. ಜಾ‌ಕೀಟು ತೊಟ್ಟು ನಾನು ಹತ್ತಿದೆ. ಮಾಮಾ ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದ. ಅವನ ಕಣ್ಣು ಹಿಂದಿನ ಎಂಜಿನ್ನಿನ ಹಿಡಿಕೆಯ ಮೇಲೆ ಬಿತ್ತು.

"ಬಾಲಾ ನಾ ಹಿಡೀತೇನಿ" ಎಂದ.

ಹಿಡಿದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಎರಡೂ ಕೈಯಿಂದ ಹಿಡಿದ. ಸಾಹುಕಾರ ಕಲಿಸಿದಂತೆ ಅತ್ತೆ ದಾರ ಜಗ್ಗಿ ಎಂಜಿನ್ ಸುರು ಮಾಡಿದಳು. ಭೀಮೆಯಲ್ಲಿ ನಾವು ಆ ದಿನ ಹೋದ ದಾರಿಯನ್ನು ಯಾವ ನಕಾಶೆಯಲ್ಲೂ ತೋರಿಸಲಾಗುವುದಿಲ್ಲ. ಒಮ್ಮೆ ಮಹಾರಾಷ್ಟ್ರದ ಕಡೆ, ಒಮ್ಮೆ ಕರ್ನಾಟಕದ ಕಡೆ, ಒಮ್ಮೆ ಎರಡೂ ರಾಜ್ಯಗಳನ್ನು ಬಿಟ್ಟು ನೇರ ಬಾಂದಾರದ ಕಡೆ. ನಾನು ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ. ಕೊನೆಗೆ ಅತ್ತೆ ಹಿಂದೆ ಸರಿದು ಕುಳಿತು, ಅವನ ಕೈಯ ಮೇಲೆ ತನ್ನ ಕೈಯಿಟ್ಟು ತಿರುಗಿಸಿದಳು. ದೋಣಿ ಅಷ್ಟಕ್ಕೂ ಅಲುಗಲಿಲ್ಲ, ನನ್ನ ಆಯ್ಕೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಆಚೆ ದಂಡೆಯಲ್ಲಿ ಇಳಿದು ಏರು ಹತ್ತಿದರೆ ಬನ. ಸಾಲಿಗೆ ಸಾಲು ಗಿಡ, ಎಲೆಗಿಂತ ಹಣ್ಣೇ ಹೆಚ್ಚು. ಕೆಳಗೆ ನೆಲವೆಲ್ಲ ಹಳದಿ. ಮಾಮಾ ಒಂದು ಗಿಡದಿಂದ ಇನ್ನೊಂದಕ್ಕೆ ಹೋದ. ಮುಳ್ಳು ತಾಗಿ ಜರಿ ರುಮಾಲು ಸಿಕ್ಕಿಕೊಂಡಿತು, ಅದನ್ನು ಅಲ್ಲಿಯೇ ಬಿಟ್ಟು ಮುಂದೆ ಹೋದ. ಬನದ ಆ ತುದಿ ಮುಟ್ಟಿ ತಿರುಗಿ ಬರುವಾಗ ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

"ಇಷ್ಟೆಲ್ಲಾ ಐತಿ ಅಂತ ನನಗ ಯಾಕ ಹೇಳಲಿಲ್ಲ ನೀ?" ಎಂದ ಅತ್ತೆಗೆ.

"ದಿನಾ ಹೇಳತಿದ್ದೆ" ಎಂದಳು ಅತ್ತೆ. "ನೀವು ದಿನಾ ಹೂಂ ಅಂತಿದ್ರಿ."

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಅಣ್ಣನ ಮಗ ಸುದ್ದಿ ತಿಳಿದು ಓಡಿಬಂದ. "ಮಾವಾರ, ಕಾರಹುಣ್ಣಿವಿ ಬಂತಲ್ರಿ, ಬನದ ಮಾತು ಏನ್ ಮಾಡಿದ್ರಿ?" ಎಂದು ನಯವಾಗಿ ಕೇಳಿದ. ಮಾಮಾ ಆಗ ಒಂದು ಗಿಡದ ಬುಡಕ್ಕೆ ಕಲ್ಲು ಜೋಡಿಸುತ್ತಿದ್ದ. "ಯಾವ ಬನಾ? ಇದಾ? ಇದು ನನ್ನ ಹೇಣ್ತೀದು. ಮಾರೂದಿಲ್ಲ" ಎಂದ. ತಲೆ ಎತ್ತಲಿಲ್ಲ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರು ಎಂದಳು. ನಾನು ಒಪ್ಪಿಕೊಂಡೆ.

ಹೊತ್ತು ಇಳಿಯಿತು. ಹಣ್ಣಿನ ಚೀಲಗಳನ್ನು ದೋಣಿಗೆ ಏರಿಸಿದೆವು. "ನಡೀರಿ, ಎಮ್ಮಿ ಹಿಂಡೂ ಹೊತ್ತಾತು" ಎಂದಳು ಅತ್ತೆ. ಮಾಮಾ ದಂಡೆಗೆ ಬಂದ. ನೀರು ನೋಡಿದ. ಬರುವಾಗ ಕಣ್ಣು ಮುಚ್ಚಿದ್ದರಿಂದ ಹೊಳೆ ಎಷ್ಟು ಅಗಲವಿದೆಯೆಂದು ಅವನಿಗೆ ಗೊತ್ತಾಗಿರಲಿಲ್ಲ. ಈಗ ಗೊತ್ತಾಯಿತು.

"ನೀವು ಹೋಗ್ರಿ" ಎಂದ. "ಬನಾ ಕಾಯಾಕ ಯಾರರ ಬೇಕಲ್ಲ? ನಾ ಇಲ್ಲೇ ಇರತೇನಿ."

ಅತ್ತೆ ಒಂದು ಕ್ಷಣ ಅವನ ಕಾಲಲ್ಲಿದ್ದ ಚಪ್ಪಲಿ ನೋಡಿದಳು. "ಇರ್ರಿ" ಎಂದಳು.  ನಡುನೀರಿಗೆ ಬಂದ ಮೇಲೆ ಅವಳು ನಗತೊಡಗಿದಳು. ಎಂಜಿನ್ ಸಪ್ಪಳದಲ್ಲೂ ಆ ನಗು ಕೇಳುತ್ತಿತ್ತು. ನಾನು ಸಣ್ಣವನಿದ್ದಾಗ ಕೇಳಿದ ನಗು.

ಕಾರಹುಣ್ಣಿಮೆಗೂ ಮಾಮಾ ಈಚೆ ಬರಲಿಲ್ಲ. ಸೇತುವೆ ಸುತ್ತಿ ಬಾ ಎಂದರೆ, ಬನ ಕಾಯುವವರು ಯಾರು ಎನ್ನುತ್ತಾನೆ. ಒಂದು ಗುಡಿಸಲು ಹಾಕಿಕೊಂಡಿದ್ದಾನೆ. ಅತ್ತೆ ದಿನಾಲು ದೋಣಿಯಲ್ಲಿ ಬುತ್ತಿ ಒಯ್ಯುತ್ತಾಳೆ, ಹಣ್ಣು ತರುತ್ತಾಳೆ. ಆಚೆ ಹಳ್ಳಿಗಳ ರೈತರು ಈಗ ಎತ್ತು ತೋರಿಸಲು ಬನಕ್ಕೇ ಬರುತ್ತಾರಂತೆ. ಮಾವನ ಮನೆಯವರು ಅಳಿಯನನ್ನು ಕರೆದು ಕರೆದು ಸಾಕಾಗಿ, ಈಗ ತಾವೇ ಬಂದು ಚಹ ಕುಡಿದು ಹೋಗುತ್ತಾರಂತೆ.

ಮೊನ್ನೆ ಅತ್ತೆ ಫೋನು ಮಾಡಿದ್ದಳು.

"ಹಬ್ಬದ ಹೋಳಿಗಿನೂ ಅಲ್ಲೇ ಒಯ್ದು ಉಣಿಸಿ ಬಂದೆ ತಮ್ಮಾ. ನಿಮ್ಮ ಮಾಮಾನ್ನ ಆಚಿಗೆ ಒಯ್ಯಾಕ ಇಷ್ಟು ವರ್ಷ ಗುದ್ದಾಡಿದೆ. ಇನ್ನ ಈಚಿಗೆ ತರಾಕ ಎಂಥಾ ದೋಣಿ ತರಲೋ?"